ನೀರು ಕಟ್ಟಿದ ತಾರಸಿ

ಶಿರಾದ ಅಕ್ಕನ ಮನೆಯಲ್ಲಿ ಬೇಸಿಗೆಯ ಸಂಜೆ ತಾರಸಿಗೆ ನೀರು ಕಟ್ಟುತ್ತಿದ್ದರು. ಮಳೆನೀರು ಇಳಿಯುವ ಪೈಪಿನ ಬಾಯಿಗೆ ಹಳೇ ಪಂಚೆ ತುರುಕಿ, ಕಾದ ಸಿಮೆಂಟಿನ ಮೇಲೆ ಪಾದ ಮುಳುಗುವಷ್ಟು ನೀರು ಬಿಟ್ಟರೆ ರಾತ್ರಿ ಮನೆ ತಣ್ಣಗಿರುತ್ತಿತ್ತು. ಮಧುಗಿರಿಯಿಂದ ರಜೆಗೆ ಹೋದಾಗಲೆಲ್ಲ ನಾನೂ ಪ್ಯಾಂಟು ಮಡಚಿಕೊಂಡು ಅದರಲ್ಲಿ ಓಡಾಡಿದ್ದೇನೆ.

ಭೌತಶಾಸ್ತ್ರ ಓದಿದವನು ನಾನು. ಹಗಲು ಬಿಸಿಲಿಗೆ ಹಿಗ್ಗಿದ ಕಾಂಕ್ರೀಟು ತಣ್ಣೀರು ಬಿದ್ದೊಡನೆ ಕುಗ್ಗುತ್ತದೆ. ವರ್ಷವರ್ಷವೂ ಹೀಗಾಗಿ, ಮೇಲೆ ಬಳಿಸಿದ್ದ ವಾಟರ್‌ಪ್ರೂಫ್ ಪದರ ಕೂದಲೆಳೆಯಷ್ಟು ಬಿರಿದಿತ್ತು. ಇಳಿದ ನೀರಿಗೆ ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿದು, ಉಬ್ಬಿ, ಕೆಳಗಿನ ಗಾರೆಯನ್ನು ತಳ್ಳುತ್ತಿತ್ತು. ಚಾವಣಿಯಲ್ಲಿ ಕಂದು ಗೆರೆ ಕಂಡಾಗ ಭಾವ ಸುಣ್ಣ ಬಳಿಸಿದ್ದರು.

ಹೋದ ಬೇಸಿಗೆಯಲ್ಲಿ ಒಂದು ಸಂಜೆ, ಪಂಚೆ ತೆಗೆಯುವ ಮೊದಲೇ ಆಲಿಕಲ್ಲು ಮಳೆ ಬಂತು. ಇಳಿಯಲು ದಾರಿಯಿಲ್ಲದೆ ನೀರು ತಾರಸಿಯಲ್ಲೇ ಏರಿತು. ಅದರ ಭಾರಕ್ಕೆ ನಡುಭಾಗ ಬಾಗಿರಬೇಕು. ಭಾವ ಅಂಗಡಿಯಲ್ಲಿದ್ದರು, ಅಕ್ಕ ಹಿತ್ತಲಲ್ಲಿ ಒಣಹಾಕಿದ್ದ ಬಟ್ಟೆ ಎಳೆದುಕೊಳ್ಳುತ್ತಿದ್ದಳು. ನಡುಮನೆಯಲ್ಲಿ ನಾನು ಮತ್ತು ಚಾಪೆಯ ಮೇಲೆ ಮಲಗಿದ್ದ, ಇನ್ನೂ ಅಂಬೆಗಾಲಿಡದ ಅವಳ ಮಗಳು. ತಲೆಯ ಮೇಲೆ ಏನೋ ಸೀಳಿದ ಸದ್ದಾಯಿತು. ಮೂಲೆಯಲ್ಲಿ ಬಾಗಿಲಗಲದ ಗಾರೆ ಕಳಚಿ ಬಿತ್ತು.

ಆಮೇಲೆ ನನಗೆ ನೆನಪಿರುವುದು ಬೀದಿ. ಎದುರು ಮನೆಯ ಅಜ್ಜಿ ಜಗಲಿಯಿಂದ ಕೇಳಿದರು, "ಮಗೀನ ಎಲ್ಲ್ ಬುಟ್ಟೆಯಪ್ಪಾ?"

ಕೈ ನೋಡಿಕೊಂಡೆ. ಫೋನ್ ಇತ್ತು.

ಅಷ್ಟರಲ್ಲಿ ಅಕ್ಕ ಮಗುವನ್ನು ಅವಚಿಕೊಂಡು ಹೊರಗೆ ಬಂದಳು. ಅವಳ ಬೆನ್ನ ಹಿಂದೆಯೇ ಇನ್ನೊಂದು ಚಕ್ಕೆ ಚಾಪೆಯ ಮೇಲೆ ಬಿತ್ತು. ಮಗುವಿನ ತಲೆಯ ತುಂಬ ಸುಣ್ಣದ ಪುಡಿ.

ಭಾವ ಬಂದು, ಪಂಚೆ ಕಿತ್ತು ನೀರು ಬಿಟ್ಟು ಕೆಳಗಿಳಿದ ಮೇಲೆ ನಗಿಸಲು ನೋಡಿದರು. "ಏನ್ ಓಟ ಕಣ್ಲಾ ನಿಂದು. ಗಾರೆ ನೆಲ ಮುಟ್ಟೋಕ್ ಮುಂಚೆ ನೀನ್ ಬೀದಿ ಮುಟ್ಬುಟ್ಟಿದ್ದೆ."

"ಬುಡ್ರೀ, ಎದರ್ಕಂಡ್ಬುಟ್ಟ," ಎಂದಳು ಅಕ್ಕ, ನನ್ನ ಮುಖ ನೋಡದೆ. ಬೈದಿದ್ದರೆ ಚೆನ್ನಾಗಿತ್ತು.

ಈಗಲೂ ಕಣ್ಣು ಮುಚ್ಚಿದರೆ ಆ ಸದ್ದು ಕೇಳುತ್ತದೆ, ಹೊಸ್ತಿಲು ದಾಟುತ್ತೇನೆ. ಒಂದು ಸಲವೂ ಚಾಪೆಯ ಕಡೆ ಬಗ್ಗುವುದಿಲ್ಲ.

ಕಂಬಿ ಉಜ್ಜಿಸಿ, ಹೊಸ ಗಾರೆ ಮಾಡಿಸಿ, ತಾರಸಿಯನ್ನು ಪೈಪಿನ ಕಡೆಗೆ ಇಳಿಜಾರು ಮಾಡಿಸಿದ್ದಾರೆ. ಈಗ ಅಲ್ಲಿ ಯಾರೂ ನೀರು ಕಟ್ಟುವುದಿಲ್ಲ. ಮೊನ್ನೆ ಹೋಗಿದ್ದಾಗ ಮಗು ನನ್ನ ಪಕ್ಕದಲ್ಲೇ ಲೋಟ ಬಡಿಯುತ್ತ ಕೂತಿತ್ತು. ಅಕ್ಕ ಟವಲು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಹೋಗಿ ಎದುರು ಮನೆಗೆ ಕೂಗಿದಳು.

"ಅಜ್ಜೀ, ಒಸಿ ಬಂದು ಮಗೀನ ನೋಡ್ಕಳ್ರಮ್ಮ, ಸ್ನಾನ ಮಾಡ್ಕಂಡ್ ಬತ್ತೀನಿ."

ಅಜ್ಜಿ ಬಂದರು. ನಾನು ಸರಿದು ಚಾಪೆಯಲ್ಲಿ ಜಾಗ ಬಿಟ್ಟೆ.