ಎನ್ನಲಾಗಿದೆ ಮೇಡಂ

ನಮ್ಮ ಬಟ್ಟೆ ಕಾರ್ಖಾನೆಯ ಮುಷ್ಕರಗಳಿಗೆ ಬರುತ್ತಿದ್ದ ಟಿವಿ ವರದಿಗಾರ್ತಿಗೆ ನಾವು ಇಟ್ಟ ಅಡ್ಡಹೆಸರು ಇದು. ಪೊಲೀಸರ ದೊಣ್ಣೆ ನಮ್ಮ ಬೆನ್ನಿನ ಮೇಲೆ ಬೀಳುತ್ತಿರುವಾಗಲೇ ಪಕ್ಕದಲ್ಲಿ ನಿಂತು, “ಪೊಲೀಸರು ಬಲಪ್ರಯೋಗ ಮಾಡಿದ್ದಾರೆ ಎನ್ನಲಾಗಿದೆ” ಎನ್ನುವಳು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೊಲಿಗೆ ವಿಭಾಗದ ದೊಡ್ಡಕ್ಕ ಒಮ್ಮೆ ತೋಳೇರಿಸಿ ಬಾಸುಂಡೆ ತೋರಿಸಿದಳು.

“ಮುಟ್ಟಿ ನೋಡಮ್ಮ. ಇದೂ ಎನ್ನಲಾಗಿದೆನಾ?”

“ನನಗೂ ಹೊಟ್ಟೆ ಇದೆಯಲ್ಲಕ್ಕ.”

ಕೆಲಸದಲ್ಲಿ ಮಾತ್ರ ಗಟ್ಟಿ. ಮಂತ್ರಿಯ ಡ್ರೈವರ್‌ ಮುಖ ನೋಡಿಯೇ ರಾಜೀನಾಮೆಯ ಸುದ್ದಿ ಹಿಡಿಯುವಳು. ಹನ್ನೆರಡು ವರ್ಷ ಶಾಸನಸಭೆಯ ಮೆಟ್ಟಿಲು ಸವೆಸಿ, ಸಂಜೆ ಏಳರ ವಾರ್ತೆಯ ಕುರ್ಚಿ ಹಿಡಿದಳು.

ಅದರ ಮರುವರ್ಷ ಕಾರ್ಖಾನೆಯ ಗೇಟಿನಲ್ಲಿ ಗಲಾಟೆಯಾಯಿತು. ಆ ದಿನ ಕಾರ್ಖಾನೆಗೆ ಬಂದಿದ್ದ ಮಂತ್ರಿಯ ಸಂದರ್ಶನಕ್ಕೆಂದು ಅವಳೂ ಬಂದಿದ್ದಳು. ಕಲ್ಲು ತೂರಿದರೆಂದು ನಮ್ಮ ಹನ್ನೊಂದು ಹೆಂಗಸರನ್ನು ಪೊಲೀಸರು ವ್ಯಾನಿಗೆ ತುಂಬಿಕೊಂಡು ಹೋದರು. ಮೊದಲ ಕಲ್ಲು ಬಂದದ್ದು ಕಾಂಪೌಂಡಿನ ಒಳಗಿನಿಂದ. ಕ್ಯಾಮೆರಾ ಆಗ ಮಂತ್ರಿಯ ಕಾರಿನ ಕಡೆ ತಿರುಗಿತ್ತು. ಆ ಕಲ್ಲು ಬಂದದ್ದನ್ನು ಕಣ್ಣಾರೆ ಕಂಡ ಹೊರಗಿನವಳು ಅವಳೊಬ್ಬಳೇ.

ಸಂಜೆ ಸಂಪಾದಕ ಮೇಕಪ್ ಕೋಣೆಗೇ ಬಂದ. ಅಲ್ಲಿ ನಡೆದದ್ದನ್ನು ಮೇಕಪ್ಪಿನವಳು ಆಮೇಲೆ ನಮಗೆ ಹೇಳಿದಳು.

“ಇವತ್ತು ನಿನ್ನ ಎನ್ನಲಾಗಿದೆ ಬೇಡ. ಕಾರ್ಮಿಕರು ಕಲ್ಲು ತೂರಿದ್ದಾರೆ, ಅಷ್ಟೇ ಓದು.”

“ನಾನೇ ನೋಡಿದೀನಿ ಸರ್. ಒಳಗಿಂದ ಬಂತು.”

“ನೋಡಿದ್ದು ನೀನು. ಓದೋದು ಚಾನೆಲ್. ಕುರ್ಚಿ ಬೇಕೋ ಬೇಡವೋ?”

ಏಳು ಗಂಟೆಗೆ ಅವಳು ನೋಡಿ ಓದುವ ಪರದೆಯ ಮೇಲೆ ಆ ಸಾಲು ಬಂತು. ಓದಿದಳು: “ಕಾರ್ಮಿಕರು ಕಲ್ಲು ತೂರಿದ್ದಾರೆ ಎನ್ನಲಾಗಿದೆ.” ಒಂದು ಉಸಿರೆಳೆದುಕೊಂಡು ಮುಂದುವರಿಸಿದಳು: “ಅದು ಸುಳ್ಳು. ಮೊದಲ ಕಲ್ಲು ಕಾರ್ಖಾನೆಯ ಒಳಗಿನಿಂದ ಬಂತು. ನಾನು ಗೇಟಿನ ಎದುರೇ ಇದ್ದೆ.”

ತಕ್ಷಣ ಸೋಪಿನ ಜಾಹೀರಾತು ಬಂತು.

ಮರುದಿನ ಕೆಲಸ ಹೋಯಿತು. ಗಂಡ ಎರಡು ದಿನ ಮಾತು ಬಿಟ್ಟ. ಅತ್ತೆ ಮಾತ್ರ, “ಕುರ್ಚಿ ಹೋದರೆ ಹೋಯ್ತು ಬಿಡೇ, ಮನೇಲಿ ಚಾಪೆ ಇದೆ” ಅಂದರಂತೆ. ಕೋರ್ಟಿನಲ್ಲೂ ಅವಳು ಅದೇ ಸಾಕ್ಷಿ ನುಡಿದಳು. ಹನ್ನೊಂದು ಜನರೂ ಬಿಡುಗಡೆಯಾದರು. ನಾವೇನೂ ಅವಳನ್ನು ಹೊತ್ತು ಮೆರೆಸಲಿಲ್ಲ. ಹನ್ನೆರಡು ವರ್ಷದ ಸಿಟ್ಟು ಒಂದು ಸಂಜೆಗೆ ಇಳಿಯುವುದಿಲ್ಲ.

ಈಗ ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ವಂತ ಚಾನೆಲ್ ನಡೆಸುತ್ತಾಳೆ, ಜನ ಮೊಬೈಲಿನಲ್ಲಿ ನೋಡುವಂಥದ್ದು. ಕಳೆದ ತಿಂಗಳು ನಮ್ಮ ಸಂಘದ ಅಧ್ಯಕ್ಷರನ್ನು ಎದುರಿಗೆ ಕೂರಿಸಿಕೊಂಡಳು.

“ಸಂಘದಲ್ಲಿ ಮುಕ್ಕಾಲು ಪಾಲು ಹೆಂಗಸರು. ಪದಾಧಿಕಾರಿಗಳಲ್ಲಿ ಒಬ್ಬಳೂ ಇಲ್ಲ. ಯಾಕಣ್ಣ?”

“ಮಾಡೋಣಮ್ಮ, ಮಾಡೋಣ.”

“ಯಾವಾಗ?”

ಅಧ್ಯಕ್ಷರು ಕುಡಿಯಲು ನೀರು ಕೇಳಿದರು.