ಅಂಬುಜಾಗೆ ಬಂದ ಮೂಸಂಬಿ

“ಅಮ್ಮಾ, ಸೋಮಜ್ಜಿ ಯಾಕೆ ಸಾರಿಗೆ ನೀರು ಸುರ್ಕೊಂಡು ತಿಂತಾರೆ?”

ಕೀರ್ತಿ ಹೀಗೆ ಕೇಳಿದಾಗ ಸೋಮಮ್ಮ ಬಾಗಿಲಲ್ಲೇ ಇದ್ದಳು. ಪಕ್ಕದ ಮನೆಯ ಭಾನುಪ್ರಿಯಾ ಆಸ್ಪತ್ರೆಯ ಕೆಲಸ ಮುಗಿಸಿ ಬರುವವರೆಗೆ ಅವಳ ಈ ಮಗಳನ್ನು ನೋಡಿಕೊಳ್ಳುವವಳು ಸೋಮಮ್ಮನೇ. ಖಾರ ಜಾಸ್ತಿಯಾಗಿತ್ತು ಎಂದು ನಕ್ಕು, ಮಾತನ್ನು ಓರಗಿತ್ತಿ ಅಂಬುಜಾಳ ಕಡೆ ತಿರುಗಿಸಿದಳು. ಈಚೀಚೆಗೆ ಅವಳ ಎಲ್ಲ ಮಾತೂ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು.

ಇಬ್ಬರೂ ಒಂದೇ ಚಪ್ಪರದಡಿ ಅಣ್ಣತಮ್ಮಂದಿರ ಕೈಹಿಡಿದು, ಮಂಡಕಳ್ಳಿ ಕಡೆಯಿಂದ ಮೈಸೂರಿಗೆ ಬಂದವರು. ಒಂದೇ ಜಗಲಿಯಲ್ಲಿ ಅಗರಬತ್ತಿ ಹೊಸೆದರು. ಹಸಿವು ಗೊತ್ತಾಗದಿರಲೆಂದು ಒಂದೇ ಸಂಚಿಯಿಂದ ಎಲೆ, ಸುಣ್ಣ, ಕಡ್ಡಿಪುಡಿ ಹೊಗೆಸೊಪ್ಪು ತೆಗೆದು ದವಡೆಗೆ ಒತ್ತಿಕೊಂಡರು. ಪಾಲು ಮಾತ್ರ ಒಂದೇ ಆಗಲಿಲ್ಲ. ಅತ್ತೆಯ ಓಲೆ ಅಂಬುಜಾಗೆ ಹೋಯಿತು. ಗಂಡುಮಗು ಮೊದಲು ಹುಟ್ಟಿದ್ದೂ ಅಂಬುಜಾಗೆ.

ಕ್ಯಾನ್ಸರೂ ಅವಳಿಗೇ ಮೊದಲು ಬಂತು. ಕೆನ್ನೆಯ ಒಳಗೆ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಇಡೀ ಬೀದಿ ಅವಳಿಗೆ ಎಳನೀರು, ಗಂಜಿ ಹೊತ್ತು ತಂದಿತು. ಸೋಮಮ್ಮನಿಗೆ ಜ್ವರ ಬಂದರೆ ಮಾತ್ರೆ ನುಂಗಿದೆಯಾ ಎಂದೂ ಕೇಳದ ಅವಳ ಗಂಡ ಮಂಟೇಸ್ವಾಮಿ, ತಮ್ಮನ ಹೆಂಡತಿಗೆಂದು ದೇವರಾಜ ಮಾರ್ಕೆಟ್ಟಿನಿಂದ ಮೂಸಂಬಿ ಆರಿಸಿ ತಂದ. ಕೂತು ತಾನೇ ಹಿಂಡಿಯೂ ಕೊಟ್ಟ. ಸೋಮಮ್ಮನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಅಂಬುಜಾ ಆಸೆಬುರುಕಿ, ದವಡೆಯಲ್ಲಿ ಕಡ್ಡಿಪುಡಿ ಇಟ್ಟುಕೊಂಡೇ ಮಲಗುತ್ತಿದ್ದಳು, ಅದಕ್ಕೇ ಬಂತು ಎಂದು ನಲ್ಲಿಯ ಹತ್ತಿರ ಸಿಕ್ಕವರಿಗೆಲ್ಲ ಹೇಳಿದಳು.

ಹಾಗೆ ಹೇಳಿದ ಬಾಯೊಳಗೇ ಬಿಳಿ ಮಚ್ಚೆಯೊಂದು ಎದ್ದಿತ್ತು. ಖಾರ ತಾಗಿದರೆ ಉರಿ. ಅವಳು ಯಾರಿಗೂ ಹೇಳದೆ, ಎಡ ದವಡೆಯ ಕಡ್ಡಿಪುಡಿಯನ್ನು ಬಲಕ್ಕೆ ಇಟ್ಟುಕೊಳ್ಳತೊಡಗಿದಳು.

ಮಗಳ ಪ್ರಶ್ನೆಯನ್ನು ಭಾನುಪ್ರಿಯಾ ಅಷ್ಟಕ್ಕೇ ಬಿಡಲಿಲ್ಲ. ಮೊಬೈಲಿನ ಟಾರ್ಚ್ ಹಾಕಿ ಸೋಮಮ್ಮನ ಬಾಯಿ ತೆರೆಸಿ ನೋಡಿದಳು. ಭಾನುಪ್ರಿಯಾಳ ವಾರ್ಡಿಗೆ ಉಳ್ಳವರಿರುವ ಒಂಟಿಕೊಪ್ಪಲಿನ ಕಡೆಯ ಹೆಂಗಸರು ಹೆಚ್ಚಾಗಿ ಎದೆಯ ಗಂಟೆಂದು, ಅದು ಸಣ್ಣದಿರುವಾಗಲೇ ಬರುತ್ತಿದ್ದರು. ತಮ್ಮಂಥ ಬೀದಿಯವರಿಗೆ ಬಾಯಿಯ ಕ್ಯಾನ್ಸರ್, ಇಲ್ಲವೇ ಗರ್ಭಕೋಶದ ಬಾಯಿಯದು. ಅವರು ಬರುತ್ತಿದ್ದದ್ದು ಉಣ್ಣಲಾರದೆ, ಏಳಲಾರದೆ ಹೋದ ಮೇಲೆ. ಇದನ್ನು ಮೆಲ್ಲಗೆ ತಿಳಿಸಿ, ಎಲ್ಲ ಮಚ್ಚೆಯೂ ಕ್ಯಾನ್ಸರಲ್ಲ, ಆದರೂ ನಾಳೆಯೇ ತೋರಿಸಬೇಕು ಎಂದಳು.

“ಒಂಟಿಕೊಪ್ಪಲ್‌ನೋರು ಅಲ್ಲೂ ಮುಂದ್ಗಡೆನೇ ನಿಂತ್ಕತಾರಾ?” ಎಂದಳು ಸೋಮಮ್ಮ. ಆಮೇಲೆ ದನಿ ಇಳಿಯಿತು. “ಈಗ ನಾನು ಬಾಯ್ಬುಟ್ರೆ, ಅಂಬುಜಾಗೆ ಬಂತು ಅಂತ ಇವ್ಳೂ ತರುಸ್ಕೊಂಡ್ಲು ಅಂತಾರೆ ಕಣವ್ವ.”

“ಅಂದ್ರೆ ಅನ್ಲಿ ಬುಡಿ, ದೊಡ್ಡವ್ವ. ಅವರ ಮಾತಿಗೆ ಹೆದ್ರುಕೊಂಡು ಗಾಯ ಆಗೋಗಂಟ ಕಾಯ್ತೀರಾ?”

ಸೋಮಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ನಾಳೆ ಬರುವುದಾಗಿ ಒಪ್ಪಿ, ಅದಕ್ಕೆ ಮೊದಲು ತನಗೊಂದು ಉಪಕಾರ ಆಗಬೇಕು ಎಂದಳು.

“ನಮ್ಮೆಜಮಾನಂಗೆ ನೀನೇ ಏಳು. ನಾನೇಳುದ್ರೆ ಒಟ್ಟೆಕಿಚ್ಗೆ ನಾಟ್ಕ ಆಡ್ತಾವ್ಳೆ ಅಂತಾನೆ. ಅವನು ಅಂಬುಜಾ ಮನೇಲಿದ್ರೆ ಮಾತ್ರ ಅವ್ಳೆದ್ರುಗೆ ಏಳ್ಬೇಡ ಕಣವ್ವ. ನಲ್ಲಿ ತಾವ ಅವ್ಳ್ನ ಏನೇನೋ ಅಂದ್ಬುಟ್ಟಿವ್ನಿ. ಈಚೆ ಕರ್ದು ಏಳು.”