ಬಿದ್ದಾಗ ನಕ್ಕ ಅಜ್ಜಿ

ಕುಷ್ಟಗಿಯ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಮ್ಮ ಹೈಸ್ಕೂಲ್ ತಂಡದ ನಾಯಕಿ ಭಾಗ್ಯಶ್ರೀ ಮುಗ್ಗರಿಸಿ ಬಿದ್ದಳು. ಇಡೀ ಮೈದಾನ ಗಪ್‌ಚುಪ್ ಆಯಿತು. ಅವಳ ಅಜ್ಜಿ ಮಾತ್ರ ಗಟ್ಟಿಯಾಗಿ ನಕ್ಕರು.

ತಂಡದ ಟೀಚರ್ ಆದ ನನಗೆ ಸಿಟ್ಟು ಬಂತು. “ಏನ್ರಿ ಅಜ್ಜಿ, ಮೊಮ್ಮಗಳು ಬಿದ್ರ ನಗ್ತೀರಲ್ರಿ?” ಎಂದೆ.

ಅಜ್ಜಿ ಗಾಬರಿಯಾದರು. “ಟಿವ್ಯಾಗ ಇದ ಆಟದ್ದು ಕಾಮಿಡಿ ಧಾರಾವಾಹಿ ಬರ್ತೈತ್ರಿ, ದಿನಾ ನಾನೂ ಮೊಮ್ಮಗಳೂ ಕೂಡಿ ನೋಡ್ತೀವಿ. ಅದ್ರಾಗ ಸಾಲಿ ಹುಡುಗ್ರು ಬಿದ್ರ ಎಲ್ಲಾರೂ ನಗ್ತಾರ. ನಕ್ಕ ಮ್ಯಾಲೆ ಅವ್ರು ಎದ್ದು ನಿಂದರ್ತಾರ್ರಿ.”

ತಿರುಗಿ ನೋಡಿದೆ. ತರಚಿದ ಮೊಣಕಾಲು ಹಿಡಿದುಕೊಂಡಿದ್ದ ಭಾಗ್ಯಶ್ರೀ ಅಜ್ಜಿಯ ಕಡೆ ನೋಡಿ ನಗುತ್ತಲೇ ಏಳುತ್ತಿದ್ದಳು.

ಪಂದ್ಯವನ್ನು ಸೋತೆವು. ಈಗ ಅಭ್ಯಾಸದ ವೇಳೆ ಯಾರಾದರೂ ಬಿದ್ದರೆ ಹುಡುಗಿಯರು ನನ್ನ ಮುಖ ನೋಡುತ್ತಾರೆ. ನಾನು ಮೊದಲು ನಗುತ್ತೇನೆ, ಮುಲಾಮು ಆಮೇಲೆ.